ಏಕಕರ್ತೃವಿನ ಕಟ್ಟಡ, ಬಹುಜನರ ಕೈ: ಚಂಡೀಗಢದ ಕ್ಯಾಪಿಟಲ್ ಸಂಕೀರ್ಣ ಕುರಿತು ಒಂದು ಜಾನಪದೀಯ ವಿಮರ್ಶೆ

2016ರ ಜುಲೈ ತಿಂಗಳಲ್ಲಿ ಇಸ್ತಾಂಬುಲ್‌ನಲ್ಲಿ ನಡೆದ ವಿಶ್ವ ಪರಂಪರೆ ಸಮಿತಿಯ 40ನೆಯ ಅಧಿವೇಶನದಲ್ಲಿ ಚಂಡೀಗಢದ ಕ್ಯಾಪಿಟಲ್ ಸಂಕೀರ್ಣವು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆದರೆ ಅದು ಚಂಡೀಗಢವೆಂಬ ನಗರದ ಹೆಸರಿನಲ್ಲಿ ಸೇರಲಿಲ್ಲ. ಫ್ರಾನ್ಸ್, ಸ್ವಿಟ್ಜರ್ಲೆಂಡ್, ಬೆಲ್ಜಿಯಂ, ಜರ್ಮನಿ, ಅರ್ಜೆಂಟೀನ, ಜಪಾನ್ ಮತ್ತು ಭಾರತ, ಈ 7 ದೇಶಗಳಲ್ಲಿ ಹರಡಿರುವ 17 ತಾಣಗಳ ಸರಣಿಯ ಒಂದು ಭಾಗವಾಗಿ, ಲೆ ಕಾರ್ಬೂಸಿಯೆ ಎಂಬ ಒಬ್ಬ ವಾಸ್ತುಶಿಲ್ಪಿಯ ಕೃತಿಯಾಗಿ ಸೇರಿತು. ಕೃತಿಯೊಂದರ ಕರ್ತೃ ಯಾರು ಎಂಬುದು ಜಾನಪದ ಅಧ್ಯಯನದ ಮೂಲಭೂತ ಪ್ರಶ್ನೆಗಳಲ್ಲೊಂದು. ಆ ಪ್ರಶ್ನೆಯನ್ನು ಈ ಆಧುನಿಕ ಕಟ್ಟಡಗಳ ಮುಂದಿರಿಸಿ, ಅಧಿಕೃತ ಮನ್ನಣೆಯು ಯಾವುದನ್ನು ಕಾಣಿಸುತ್ತದೆ, ಯಾವುದನ್ನು ಕಾಣದಂತೆ ಮಾಡುತ್ತದೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಈ ಕಟ್ಟಡಗಳ ಮಹತ್ವವನ್ನು ಅಲ್ಲಗಳೆಯುವುದು ಇಲ್ಲಿನ ಉದ್ದೇಶವಲ್ಲ. ದೇಶವಿಭಜನೆಯಿಂದ ಲಾಹೋರನ್ನು ಕಳೆದುಕೊಂಡ ಪಂಜಾಬಿಗೆ ಹೊಸ ರಾಜಧಾನಿ ಬೇಕಾಗಿತ್ತು. ಆಲ್ಬರ್ಟ್ ಮೇಯರ್ ಮತ್ತು ಮ್ಯಾಥ್ಯೂ ನೊವಿಟ್ಸ್‌ಕಿ ಅವರು ಆರಂಭಿಸಿದ ಯೋಜನೆಯು 1950ರಲ್ಲಿ ನೊವಿಟ್ಸ್‌ಕಿ ವಿಮಾನ ಅಪಘಾತದಲ್ಲಿ ಮಡಿದ ನಂತರ ಲೆ ಕಾರ್ಬೂಸಿಯೆಯ ಕೈಸೇರಿತು. 1951ರಲ್ಲಿ ಅವರು ಭಾರತಕ್ಕೆ ಬಂದರು. ಉಚ್ಚ ನ್ಯಾಯಾಲಯ, ಸಚಿವಾಲಯ, ವಿಧಾನಸಭೆ ಎಂಬ ಮೂರು ಮಹಾಕಟ್ಟಡಗಳು ಒಂದು ವಿಶಾಲ ಬಯಲಿನ ಸುತ್ತ ಎದ್ದುನಿಂತವು. ಬಿಸಿಲು ಮಳೆಗಳನ್ನು ತಡೆಯಲು ಗೋಡೆಯ ಮುಂದೆಯೇ ರೂಪಿಸಿದ ಆಳವಾದ ನೆರಳಗೂಡುಗಳು, ಉಚ್ಚ ನ್ಯಾಯಾಲಯದ ಮೇಲೆ ಕೊಡೆಯಂತೆ ಹರಡಿದ ಚಾವಣಿ, ವಿಧಾನಸಭೆಯ ಮುಂಭಾಗದಲ್ಲಿ ಎತ್ತಿನ ಕೋಡಿನಂತೆ ಬಾಗಿದ ಮಾಡು, ಇವು ಸ್ಥಳದ ಹವಾಮಾನಕ್ಕೆ ವಾಸ್ತುಶಿಲ್ಪಿ ನೀಡಿದ ಉತ್ತರಗಳು. ದನಕರು, ಬಂಡಿ, ಗ್ರಾಮದೃಶ್ಯಗಳನ್ನು ಅವರು ತಮ್ಮ ಟಿಪ್ಪಣಿ ಪುಸ್ತಕಗಳಲ್ಲಿ ಬಿಡಿಸಿಕೊಂಡಿದ್ದರು. ಗ್ರಾಮಜೀವನದ ರೂಪಗಳು ಹೀಗೆ ಕಾಂಕ್ರೀಟಿಗೆ ಇಳಿದವು. ಆ ಗ್ರಾಮಗಳಿಗೆ ಏನಾಯಿತು ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ.

ಮೊದಲು ಕರ್ತೃತ್ವದ ವಿಷಯವನ್ನು ನೋಡಬಹುದು. ಈ ನಗರದ ನಿರ್ಮಾಣದಲ್ಲಿ ಪಿಯರ್ ಜೆನರೆ, ಮ್ಯಾಕ್ಸ್‌ವೆಲ್ ಫ್ರೈ, ಜೇನ್ ಡ್ರೂ ಅವರೊಡನೆ ಊರ್ಮಿಳಾ ಯೂಲಿ ಚೌಧರಿ, ಆದಿತ್ಯ ಪ್ರಕಾಶ್, ಎಂ.ಎನ್. ಶರ್ಮಾ ಮೊದಲಾದ ಭಾರತೀಯ ವಾಸ್ತುಶಿಲ್ಪಿಗಳೂ ಎಂಜಿನಿಯರ್ ಪಿ.ಎಲ್. ವರ್ಮಾ ಅವರೂ ದುಡಿದರು. ಇವರ ಹೆಸರುಗಳಾದರೂ ದಾಖಲೆಗಳಲ್ಲಿ ಉಳಿದಿವೆ. ಸಾರವೆಯ ಮೇಲೇರಿ ತಲೆಯ ಮೇಲೆ ಕಾಂಕ್ರೀಟನ್ನು ಹೊತ್ತ ಹೆಂಗಸರು, ಸೆಂಟ್ರಿಂಗ್ ಹಲಗೆಗಳನ್ನು ಜೋಡಿಸಿದ ಬಡಗಿಗಳು ಅಂದಿನ ಛಾಯಾಚಿತ್ರಗಳಲ್ಲಿ ಕಾಣುತ್ತಾರೆ, ಹೆಸರಿಲ್ಲದೆ. ಗಿಲಾವು ಮಾಡದೆ ಬಿಟ್ಟ ಕಾಂಕ್ರೀಟೇ ಈ ಕಟ್ಟಡಗಳ ಸೌಂದರ್ಯದ ಆಧಾರವಾಗಿರುವುದರಿಂದ ಅಚ್ಚಿನ ಪ್ರತಿಯೊಂದು ಗುರುತೂ ಕೆಲಸಗಾರರ ಕೈಗುರುತೇ ಆಗಿದೆ. ನ್ಯಾಯಾಲಯದ ಕೊಠಡಿಗಳಲ್ಲಿ ತೂಗುಹಾಕಿದ ಬೃಹತ್ ಚಿತ್ರವಸ್ತ್ರಗಳ ವಿನ್ಯಾಸ ಲೆ ಕಾರ್ಬೂಸಿಯೆಯದು. ಅವುಗಳನ್ನು ನೇಯ್ದವರು ಕಾಶ್ಮೀರದ ನೇಕಾರರು. ಇಲ್ಲಿನ ಕಚೇರಿಗಳಿಗಾಗಿ ಮಾಡಿದ ತೇಗ ಮತ್ತು ಬೆತ್ತದ ಕುರ್ಚಿಗಳು ಇಂದು ವಿದೇಶಿ ಹರಾಜುಗಳಲ್ಲಿ ಭಾರಿ ಬೆಲೆ ಪಡೆಯುವುದು ಜೆನರೆಯ ಹೆಸರಿನಿಂದ.

ವಿಪರ್ಯಾಸವೆಂದರೆ, ನಗರಕ್ಕಾಗಿ ಲೆ ಕಾರ್ಬೂಸಿಯೆ ರೂಪಿಸಿದ ಶಾಸನವೇ ಇಲ್ಲಿ ವ್ಯಕ್ತಿಗಳ ಪ್ರತಿಮೆಗಳನ್ನು ನಿಲ್ಲಿಸಬಾರದೆಂದು ವಿಧಿಸುತ್ತದೆ. ವಿಶ್ವ ಪರಂಪರೆಯ ಮನ್ನಣೆಯು ಒಬ್ಬ ವ್ಯಕ್ತಿಯ ಹೆಸರಿನಲ್ಲಿಯೇ ಬಂದಿತು. ಇದಕ್ಕೆ ಬೇರೆ ದಾರಿ ಇರಲಿಲ್ಲವೆಂದು ಹೇಳುವಂತಿಲ್ಲ. 1987ರಲ್ಲಿ ಬ್ರೆಸೀಲಿಯವು ಒಂದು ನಗರವಾಗಿಯೇ ಪಟ್ಟಿಗೆ ಸೇರಿತು. ಅದರ ಕೇಂದ್ರ ಚೌಕದಲ್ಲಿರುವ ಬ್ರೂನೊ ಜಾರ್ಜಿಯ ಶಿಲ್ಪವು ನಗರವನ್ನು ಕಟ್ಟಿದ ‘ಕಂದಾಂಗೊ’ ಕಾರ್ಮಿಕರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ನಮ್ಮಲ್ಲಿ 2023ರಲ್ಲಿ ಪಟ್ಟಿಗೆ ಸೇರಿದ ಹೊಯ್ಸಳ ದೇವಾಲಯಗಳಲ್ಲಿ ದಾಸೋಜ, ಚಾವಣ, ಮಲ್ಲಿತಮ್ಮ ಮೊದಲಾದ ಶಿಲ್ಪಿಗಳ ಹೆಸರುಗಳು ಕಲ್ಲಿನ ಮೇಲೆಯೇ ಇವೆ. ಹನ್ನೆರಡು, ಹದಿಮೂರನೆಯ ಶತಮಾನಗಳು ತನ್ನ ಕುಶಲಕರ್ಮಿಗೆ ನೀಡಿದ ಸ್ಥಾನವನ್ನು ಇಪ್ಪತ್ತನೆಯ ಶತಮಾನದ ಪ್ರಜಾಪ್ರಭುತ್ವದ ಸ್ಮಾರಕ ನೀಡಲಿಲ್ಲ ಎಂಬುದು ಚಿಂತನಾರ್ಹ.

ಇನ್ನು ನೆಲದ ವಿಷಯ. ಚಂಡೀಗಢವು ಬರಿದಾದ ಬಯಲಿನಲ್ಲಿ ಹುಟ್ಟಿದ ನಗರವೆಂಬ ಕಥನ ಪ್ರಚಲಿತವಾಗಿದೆ. ಊರಿನ ಹೆಸರೇ ಈ ಕಥನವನ್ನು ಅಲ್ಲಗಳೆಯುತ್ತದೆ. ಅದು ಸಮೀಪದ ಚಂಡೀದೇವಿಯ ಗುಡಿಯಿಂದ ಬಂದುದು. ಹಲವಾರು ಹಳ್ಳಿಗಳನ್ನು ತೆರವುಗೊಳಿಸಿ ಈ ನಗರವನ್ನು ಕಟ್ಟಲಾಯಿತು. ಬುರೈಲ್, ಅಟ್ಟಾವಾ ಮುಂತಾದ ಹಳ್ಳಿಗಳು ಇಂದಿಗೂ ಚೌಕಾಕಾರದ ಸೆಕ್ಟರುಗಳ ನಡುವೆ ತಮ್ಮ ಇಕ್ಕಟ್ಟಾದ ಓಣಿಗಳೊಡನೆ ಉಳಿದಿವೆ.

ಅಳಿದ ಹಳ್ಳಿಗಳಿಗೆ ಸ್ಮಾರಕ ಕಟ್ಟಿದವನು ಲೋಕೋಪಯೋಗಿ ಇಲಾಖೆಯ ಒಬ್ಬ ರಸ್ತೆ ಮೇಲ್ವಿಚಾರಕ. ವಿಭಜನೆಯಲ್ಲಿ ಊರು ಕಳೆದುಕೊಂಡು ಬಂದಿದ್ದ ನೇಕ್ ಚಂದ್, ಸುಖ್ನಾ ಸರೋವರದ ಸಮೀಪದ ಕಾಡಿನಲ್ಲಿ, ಕಟ್ಟಡ ನಿಷೇಧಿತ ಸರ್ಕಾರಿ ಭೂಮಿಯಲ್ಲಿ, 1957ರ ಸುಮಾರಿಗೆ ಗುಟ್ಟಾಗಿ ಕೆಲಸ ಆರಂಭಿಸಿದರು. ಕೆಡವಿದ ಮನೆಗಳ ಅವಶೇಷ, ಒಡೆದ ಪಿಂಗಾಣಿ, ಬಳೆಚೂರು, ಸೈಕಲ್ಲಿನ ಬಿಡಿಭಾಗ, ನದಿಯ ಕಲ್ಲುಗಳಿಂದ ಮನುಷ್ಯರ, ಪ್ರಾಣಿಗಳ ಸಾಲುಸಾಲು ಆಕೃತಿಗಳನ್ನು ರಚಿಸಿದರು. ಕಾನೂನಿನ ದೃಷ್ಟಿಯಲ್ಲಿ ಅದು ಅತಿಕ್ರಮಣ. ಬೆಳಕಿಗೆ ಬಂದಾಗ ಕೆಡವಬೇಕಾಗಿದ್ದ ಅದನ್ನು ಉಳಿಸಿಕೊಂಡ ಆಡಳಿತವು 1976ರಲ್ಲಿ ಸಾರ್ವಜನಿಕರಿಗೆ ತೆರೆಯಿತು. 1984ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ಯೋಜನೆ ಹೊರಗೆಸೆದ ವಸ್ತುಗಳಿಂದಲೇ ಯೋಜನೆಗೆ ಪ್ರತಿಯಾದ ಒಂದು ಲೋಕವನ್ನು ಕಟ್ಟಿದ ಈ ರಾಕ್ ಗಾರ್ಡನ್ ಕ್ಯಾಪಿಟಲ್ ಸಂಕೀರ್ಣದ ನೆರೆಯಲ್ಲಿಯೇ ಇದೆ. ಆದರೆ ವಿಶ್ವ ಪರಂಪರೆಯ ಸರಣಿಯಲ್ಲಿ ಅದಕ್ಕೆ ಸ್ಥಾನವಿಲ್ಲ.

ಈ ಭೇದವು ಕೇವಲ ಸೈದ್ಧಾಂತಿಕವಾದುದಲ್ಲವೆಂಬುದನ್ನು ಇತ್ತೀಚಿನ ಎರಡು ಪ್ರಕರಣಗಳು ತೋರಿಸುತ್ತವೆ. ಎರಡೂ ಉಚ್ಚ ನ್ಯಾಯಾಲಯದ ಅಗತ್ಯಗಳಿಗೆ ಸಂಬಂಧಿಸಿದವು. ನ್ಯಾಯಾಲಯದ ಮೊದಲನೆಯ ಕೊಠಡಿಯ ಮುಂದೆ ವರಾಂಡ ನಿರ್ಮಿಸಬೇಕೆಂಬ ಆದೇಶವನ್ನು, ಪರಂಪರೆಯ ಸ್ಥಾನಮಾನಕ್ಕೆ ಧಕ್ಕೆಯಾಗುತ್ತದೆಂಬ ಕಾರಣ ನೀಡಿ ಚಂಡೀಗಢ ಆಡಳಿತವು ಸರ್ವೋಚ್ಚ ನ್ಯಾಯಾಲಯದವರೆಗೆ ಪ್ರಶ್ನಿಸಿತು. 2025ರ ಮೇ ತಿಂಗಳಲ್ಲಿ ಆ ಆದೇಶ ಎತ್ತಿಹಿಡಿಯಲ್ಪಟ್ಟಿತು. ಅದೇ ವರ್ಷದ ಆರಂಭದಲ್ಲಿ ನ್ಯಾಯಾಲಯದ ವಾಹನ ನಿಲುಗಡೆ ಮತ್ತು ರಸ್ತೆ ವಿಸ್ತರಣೆಗಾಗಿ ರಾಕ್ ಗಾರ್ಡನ್ನಿನ ಗೋಡೆಯ ಒಂದು ಭಾಗವನ್ನು, ನಾಗರಿಕರ ಪ್ರತಿಭಟನೆಯ ನಡುವೆಯೂ, ಕೆಡವಲಾಯಿತು. ಬಿಸಿಲು ಮಳೆಗೆ ಆಸರೆಯಾಗುವ ಒಂದು ವರಾಂಡಕ್ಕೆ ದೇಶದ ಅತ್ಯುನ್ನತ ನ್ಯಾಯಾಲಯದ ಅನುಮತಿ ಬೇಕಾಯಿತು. ನೇಕ್ ಚಂದರ ಗೋಡೆಗೆ ಬುಲ್ಡೋಜರ್ ಸಾಕಾಯಿತು. ಬದಲಾವಣೆಯೇ ಕೂಡದೆಂದು ಇಲ್ಲಿ ವಾದಿಸುತ್ತಿಲ್ಲ. ಬಳಕೆಯಲ್ಲಿರುವ ಕಟ್ಟಡ ಬದಲಾಗುತ್ತದೆ ಎಂಬುದನ್ನು ಜಾನಪದರು ಚೆನ್ನಾಗಿ ಬಲ್ಲರು. ಯಾವುದನ್ನು ಬದಲಿಸಲು ಕಾರಣ ಕೊಡಬೇಕು, ಯಾವುದಕ್ಕೆ ಬೇಡ ಎಂಬ ನಿರ್ಣಯ ಮಾತ್ರ ಪಟ್ಟಿಯಲ್ಲಿರುವ ಹೆಸರನ್ನು ಅವಲಂಬಿಸಬಾರದು.

ಯುನೆಸ್ಕೊದ 1972ರ ಒಡಂಬಡಿಕೆಯು ಕಟ್ಟಡ ಮತ್ತು ತಾಣಗಳನ್ನೂ, 2003ರ ಒಡಂಬಡಿಕೆಯು ಅಮೂರ್ತ ಪರಂಪರೆಯನ್ನೂ ಪ್ರತ್ಯೇಕವಾಗಿ ನೋಡುತ್ತವೆ. ಚಂಡೀಗಢದಲ್ಲಿ ಈ ಎರಡನ್ನು ಬೇರ್ಪಡಿಸಲಾಗದು. ಸಾರವೆ ಕಟ್ಟಿದವರ ಕೌಶಲ, ಎಬ್ಬಿಸಲ್ಪಟ್ಟ ಊರುಗಳ ದೈವ, ಬಾವಿ, ಹೊಲಗಳ ಹೆಸರುಗಳು, ಕೂಲಿಕಾರರ ಬಿಡಾರಗಳ ನೆನಪು ಇವೆಲ್ಲ ಆ ಕಾಂಕ್ರೀಟಿನ ಇತಿಹಾಸದ ಅಂಗಗಳು. 1950ರ ದಶಕದಲ್ಲಿ ಅಲ್ಲಿ ದುಡಿದವರು ಇಂದು ಬದುಕಿದ್ದರೆ ತೀರ ವೃದ್ಧರು. ವಾಸ್ತುಶಿಲ್ಪಿಯ ರೇಖಾಚಿತ್ರಗಳು ಸಂಗ್ರಹಾಲಯಗಳಲ್ಲಿ ಸುರಕ್ಷಿತವಾಗಿವೆ. ಈ ನೆನಪುಗಳಿಗೆ ಅಂಥ ಆಶ್ರಯವಿಲ್ಲ. ಕಾರ್ಮಿಕರ, ಗ್ರಾಮಸ್ಥರ ಮತ್ತು ಅವರ ಮಕ್ಕಳ ಮೌಖಿಕ ಹೇಳಿಕೆಗಳನ್ನು ದಾಖಲಿಸಿ ತಾಣದ ನಿರ್ವಹಣಾ ದಾಖಲೆಯ ಭಾಗವಾಗಿಸುವುದು ತುರ್ತಾಗಿ ಆಗಬೇಕಾದ ಕೆಲಸ. ಆಧುನಿಕ ಕಟ್ಟಡಗಳು ತಮ್ಮ ಕ್ಷೇತ್ರಕ್ಕೆ ಹೊರಗಿನವೆಂದು ಜಾನಪದ ವಿದ್ವಾಂಸರು ಭಾವಿಸದೆ ಈ ಹೊಣೆಯಲ್ಲಿ ತಮ್ಮ ಪಾಲನ್ನು ವಹಿಸಿಕೊಳ್ಳಬೇಕಾಗಿದೆ.