ಅಲುಗದ ಮೊಗದ ಕಲೆ

ಜಪಾನಿನ ‘ಅನಿಮೆ’ ಎಂಬ ಚಲಿಸುವ ಚಿತ್ರಕಥೆಗಳು ಈಗ ನಮ್ಮ ಮನೆಗಳ ಮಕ್ಕಳಿಗೂ ಪರಿಚಿತವಾಗಿವೆ. ಅವುಗಳಲ್ಲಿ ಮೊಗವು ಸ್ತಬ್ಧವಾಗಿದ್ದು ತುಟಿ ಮಾತ್ರ ಅಲುಗುವುದನ್ನು ಕಂಡು ಕೆಲವರು ನಗುವರು. ಮತ್ತೆ ಕೆಲವರು ಅದನ್ನೇ ಪೌರಸ್ತ್ಯರ ಮೌನವೆಂದು ಕೊಂಡಾಡುವರು. ಎರಡೂ ಅವಸರದ ಮಾತುಗಳು. ಈ ನಿಶ್ಚಲತೆಗೆ ಒಂದು ಚರಿತ್ರೆಯುಂಟು.

ಒಸಾಮು ತೆಜುಕಾ (1928–1989) ಅವರು 1952ರಲ್ಲಿ ಪತ್ರಿಕೆಯೊಂದರಲ್ಲಿ ಆರಂಭಿಸಿದ ‘ತೆತ್ಸುವಾನ್ ಆಟೊಮು’ ಕಥೆಯನ್ನು 1963ರ ಜನವರಿ 1ರಿಂದ ದೂರದರ್ಶನಕ್ಕೆ ವಾರಕ್ಕೊಂದು ಕಂತಿನಂತೆ ಒದಗಿಸತೊಡಗಿದರು. ಡಿಸ್ನಿಯವರ ಕ್ರಮದಂತೆ ಸೆಕೆಂಡಿಗೆ 12 ಅಥವಾ 24 ಚಿತ್ರಗಳನ್ನು ಬರೆಯಹೊರಟರೆ ವಾರ ಸಾಲದು. ಆದುದರಿಂದ ಅವರು ಚಿತ್ರಗಳನ್ನು 8ಕ್ಕೆ, ಅನೇಕ ವೇಳೆ ಅದಕ್ಕೂ ಕೆಳಕ್ಕೆ, ಇಳಿಸಿದರು. ಒಮ್ಮೆ ಬರೆದ ಹಾರಾಟವನ್ನು ಕಾದಿರಿಸಿ ಮರಳಿ ಮರಳಿ ಬಳಸಿದರು. ನಿಂತ ಚಿತ್ರದ ಮೇಲೆ ಕ್ಯಾಮರಾವನ್ನು ಸರಿಸಿದರು.

ಕಥೆಗೆ ಬಲವಿದ್ದೆಡೆ ಈ ಮಿತವ್ಯಯವು ಗುಣವೇ ಆಗಿದೆ. ಮಗನನ್ನು ಕಳೆದುಕೊಂಡ ತೆನ್ಮಾ ಎಂಬ ವಿಜ್ಞಾನಿಯು ಅವನದೇ ರೂಪದ ಯಂತ್ರಬಾಲಕನನ್ನು ನಿರ್ಮಿಸುವನು. ಬಾಲಕನು ಬೆಳೆಯುವುದಿಲ್ಲವೆಂದು ತಿಳಿದಾಗ ಸರ್ಕಸ್ಸಿಗೆ ಮಾರಿಬಿಡುವನು. ಮಾತು ಸೋಲುವ ಇಂಥ ಸನ್ನಿವೇಶಕ್ಕೆ ಅಲುಗದ ಮೊಗವೇ ಉಚಿತವಾದುದು. ಉಳಿದ ಶೋಕವನ್ನು ನೋಡುವವರ ಮನಸ್ಸೇ ತುಂಬಿಕೊಳ್ಳುತ್ತದೆ. (ಡಿಸ್ನಿಯ ಪ್ರಾಣಿಗಳು ಇನ್ನಷ್ಟು ಕಡಮೆ ಕುಣಿದಿದ್ದರೆ ಲೇಸಾಗಿತ್ತೆಂದು ನಮಗೆ ತೋರಿದುದುಂಟು.) ಕಾಳಗದ ಭಾಗಗಳಿಗೆ ಈ ಹೊಗಳಿಕೆ ಸಲ್ಲದು. ಅಲ್ಲಿ ಹಿನ್ನೆಲೆಯ ಗೆರೆಗಳು ಓಡುತ್ತವೆಯೇ ಹೊರತು ದೇಹಗಳಿಗೆ ತೂಕವೇ ಇಲ್ಲ.

ಆದರೆ ಕಲೆಯನ್ನು ಮೆಚ್ಚುವವರು ಅದರ ಬೆಲೆಯನ್ನೂ ವಿಚಾರಿಸಬೇಕು. ತೆಜುಕಾ ಅವರು ಕಂತುಗಳನ್ನು ತಗಲಿದ ವೆಚ್ಚಕ್ಕಿಂತ ಕಡಮೆಗೆ ಮಾರಿದರು. ಆ ನಷ್ಟವನ್ನು ಬಾಲಕನ ಚಿತ್ರವನ್ನು ಹೊತ್ತ ಮಿಠಾಯಿ, ಆಟಿಕೆಗಳ ಹಕ್ಕಿನಿಂದಲೂ ಅಮೆರಿಕದ ಮಾರಾಟದಿಂದಲೂ ತುಂಬಿಕೊಳ್ಳಬೇಕಾಯಿತು. ಅವರು ಸ್ಥಾಪಿಸಿದ ಮುಶಿ ಸಂಸ್ಥೆಯು 1973ರಲ್ಲಿ ದಿವಾಳಿಯಾಯಿತು. ಅಗ್ಗದ ವಾಡಿಕೆ ಮಾತ್ರ ಉಳಿಯಿತು. ಎಳೆಯ ಚಿತ್ರಗಾರರು ಎಷ್ಟೋ ಮಂದಿ ಇಂದಿಗೂ ಚಿತ್ರವೊಂದಕ್ಕೆ ಇಷ್ಟೆಂಬ ಕೂಲಿಗೆ ದುಡಿಯುತ್ತಾರೆ. ತೆಜುಕಾ ತೀರಿಕೊಂಡ 1989ರಲ್ಲಿಯೇ ಹಯಾವೊ ಮಿಯಾಜಾಕಿ ಈ ಅಗ್ಗದ ಬೆಲೆಯನ್ನು ಕಟುವಾಗಿ ಆಕ್ಷೇಪಿಸಿದರು. ಹೇಳಿದ ಹೊತ್ತು ಒರಟೆನಿಸಿದರೂ ಮಾತು ಅನ್ಯಾಯದ್ದಲ್ಲ. ಆದರೂ ಒಬ್ಬರು ಇಟ್ಟ ಬೆಲೆ 60 ವರ್ಷ ಅವರೊಬ್ಬರಿಂದಲೇ ನಿಲ್ಲದು. ಅದರಿಂದ ಲಾಭ ಪಡೆದ ದೂರದರ್ಶನ ಸಂಸ್ಥೆಗಳ ಹಾಗೂ ಜಾಹೀರಾತುದಾರರ ಪಾಲನ್ನೂ ತೂಗಿ ನೋಡಬೇಕಾಗಿದೆ.