ಮನೆ ಬದಲಾಯಿಸಿದವರು

‘ಮನುಷ್ಯ ಒಳ್ಳೆಯವನೇ, ಸೇರಿರುವ ಪಕ್ಷ ಸರಿಯಿಲ್ಲ.’ ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ಬಸ್ಸಿನಲ್ಲಿ ಈ ಮಾತು ಎಷ್ಟೋ ಸಲ ಕಿವಿಗೆ ಬಿದ್ದಿದೆ. ವಾಜಪೇಯಿಯವರ ಬಗ್ಗೆ ದೇಶವೇ ಆಡಿದ ಮಾತು ಇದು. ವಿ. ಶ್ರೀನಿವಾಸ ಪ್ರಸಾದರ ಬಗ್ಗೆ ನಾನೂ ಹೀಗೆ ಹೇಳಿದ್ದುಂಟು. ಈಗ ಯೋಚಿಸಿದರೆ, ಈ ಮಾತಿನಲ್ಲಿ ಉದಾರತೆಗಿಂತ ಸೋಮಾರಿತನವೇ ಹೆಚ್ಚು ಅನ್ನಿಸುತ್ತದೆ.

ನಮ್ಮ ಅತ್ತೆ ಪಕ್ಷ ಯಾವುದೆಂದು ಕೇಳುತ್ತಲೇ ಇರಲಿಲ್ಲ. ‘ನಮ್ಮ ಓಟು ನಾಗರತ್ನಮ್ಮನವರಿಗೆ’, ಅಷ್ಟೆ. ಕೆ.ಎಸ್. ನಾಗರತ್ನಮ್ಮ 1957 ಮತ್ತು 1962ರಲ್ಲಿ ಪಕ್ಷೇತರರಾಗಿಯೇ ಗುಂಡ್ಲುಪೇಟೆಯಿಂದ ಗೆದ್ದವರು. ಮುಂದೆ ಕಾಂಗ್ರೆಸ್ಸಿನವರಾದರು, 1972ರಲ್ಲಿ ರಾಜ್ಯ ವಿಧಾನಸಭೆಯ ಮೊದಲ ಮಹಿಳಾ ಸಭಾಧ್ಯಕ್ಷರಾದರು. ಅವರ ನಂತರ ಎಚ್.ಎಸ್. ಮಹದೇವಪ್ರಸಾದ್ 1994ರಿಂದ 2013ರವರೆಗೆ ಐದು ಸಲ ಗೆದ್ದರು. ಮೂರು ಬಗೆಯ ಜನತಾದಳ, ಕೊನೆಗೆ ಕಾಂಗ್ರೆಸ್. ನಾವು ಮುಖ ನೋಡಿದೆವು, ಬಾವುಟ ನೋಡಲಿಲ್ಲ.

ಶ್ರೀನಿವಾಸ ಪ್ರಸಾದರದು ಇನ್ನೂ ತೊಡಕಿನ ಕಥೆ. ಹುಡುಗತನದಲ್ಲಿ ಸಂಘದ ಶಾಖೆ. 1980ರಿಂದ ಸತತ ನಾಲ್ಕು ಸಲ ಕಾಂಗ್ರೆಸ್ಸಿನಿಂದ ಚಾಮರಾಜನಗರದ ಸಂಸದ. 1999ರಲ್ಲಿ ಸಂಯುಕ್ತ ಜನತಾದಳದಿಂದ ಗೆದ್ದು ವಾಜಪೇಯಿ ಸರ್ಕಾರದಲ್ಲಿ ರಾಜ್ಯ ಸಚಿವ. ಮತ್ತೆ ಕಾಂಗ್ರೆಸ್, ನಂಜನಗೂಡಿನ ಶಾಸಕತ್ವ, ಕಂದಾಯ ಖಾತೆ. 2016ರಲ್ಲಿ ಸಂಪುಟದಿಂದ ಕೈಬಿಟ್ಟ ಮೇಲೆ ರಾಜೀನಾಮೆ, 2017ರಲ್ಲಿ ಬಿಜೆಪಿ. 2019ರಲ್ಲಿ 1,817 ಮತಗಳಿಂದ ಮತ್ತೆ ಸಂಸದ. 2024ರಲ್ಲಿ ತೀರಿಕೊಂಡರು. ಇಷ್ಟರ ನಡುವೆಯೂ ತಾವು ಅಂಬೇಡ್ಕರ್‌ವಾದಿ ಎಂದೇ ಹೇಳಿಕೊಂಡರು. ಹಾಗಾದರೆ ಇವರಿಗೆ ತವರು ಯಾವುದು, ಎದುರಾಳಿಯ ಮನೆ ಯಾವುದು?

ಉತ್ತರಕ್ಕೆ ನಾನು ಅಂಬೇಡ್ಕರರ ಬಳಿಗೇ ಹೋದೆ. ತಾವು ಕಟುವಾಗಿ ಟೀಕಿಸಿದ್ದ ಕಾಂಗ್ರೆಸ್ಸಿನ ಸರ್ಕಾರದಲ್ಲಿ ಅವರೂ 1947ರಲ್ಲಿ ಕಾನೂನು ಮಂತ್ರಿಯಾದರು. ಬೇರೆಯವರ ಮನೆಯಲ್ಲಿ ಕೂತದ್ದು ತಪ್ಪಾಗಲಿಲ್ಲ, ಅಲ್ಲಿ ಅವರು ಕೆಲಸ ಮಾಡಿದರು. 1951ರಲ್ಲಿ ಹೊರಬಂದರು. ಅದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು, ಹೆಣ್ಣುಮಕ್ಕಳಿಗೆ ಆಸ್ತಿ ಮತ್ತು ವಿಚ್ಛೇದನದ ಹಕ್ಕು ಕೊಡಲಿದ್ದ ಹಿಂದೂ ಸಂಹಿತೆಯ ಮಸೂದೆಯನ್ನು ಮೂಲೆಗೆ ತಳ್ಳಿದ್ದು. ಅಂದರೆ ನಮ್ಮ ವಿಷಯ.

ಪ್ರಸಾದರು ಹೊರಬಂದಾಗ ಸ್ವಾಭಿಮಾನದ ಮಾತಾಡಿದರು. ಸ್ವಾಭಿಮಾನ ಸಣ್ಣದಲ್ಲ, ಅವಮಾನ ಉಂಡವರಿಗೆ ಅದರ ಬೆಲೆ ಗೊತ್ತು. ಆದರೆ ಖಾತೆ ಹೋದ ಮೇಲೆ ನೆನಪಾಗುವ ಸ್ವಾಭಿಮಾನಕ್ಕೂ, ಖಾತೆಯನ್ನೇ ಬಿಡಿಸುವ ನಂಬಿಕೆಗೂ ವ್ಯತ್ಯಾಸವಿದೆ. ಕೊಳ್ಳೇಗಾಲದಲ್ಲಿ 2018ರಲ್ಲಿ ಬಿಎಸ್‌ಪಿಯಿಂದ ಗೆದ್ದು, ಉಚ್ಚಾಟನೆಯಾದ ಮೇಲೆ 2021ರಲ್ಲಿ ಬಿಜೆಪಿ ಸೇರಿದ ಎನ್. ಮಹೇಶರಿಗೂ ಇದೇ ಪ್ರಶ್ನೆ ಕೇಳಬಹುದು.

ಮದುವೆಯಾಗಿ ಮನೆ ಬದಲಾಯಿಸಿದವರು ನಾವು. ಹೊಸ ಮನೆಯಲ್ಲಿ ಏನು ಬಿಟ್ಟೆವು, ಏನು ಉಳಿಸಿಕೊಂಡೆವು ಎಂಬ ಲೆಕ್ಕ ನಮಗೆ ಬಾಯಿಪಾಠ. ನಾಯಕರಿಂದ ಮಾತ್ರ ಆ ಲೆಕ್ಕ ಕೇಳುವುದಿಲ್ಲ. ಓಟು ಕೇಳಲು ಬಂದವರಿಗೆ ಮುಂದಿನ ಸಲ ಮಜ್ಜಿಗೆ ಕೊಟ್ಟು, ‘ಹಿಂದಿನ ಮನೆ ಯಾಕೆ ಬಿಟ್ಟಿರಿ?’ ಎಂದು ಕೇಳಬೇಕೆಂದಿದ್ದೇನೆ. ಅತ್ತೆ ಇದ್ದಿದ್ದರೆ, ಬಾಗಿಲಿಗೆ ಬಂದವರನ್ನು ಹಾಗೆಲ್ಲ ಕೇಳಬಾರದು ಎನ್ನುತ್ತಿದ್ದರು. ಆದರೂ ಕೇಳುತ್ತೇನೆ.