ಕಟಕಟೆಯ ಮಾತು, ಕುರ್ಚಿಯ ಕಿವಿ

ಎಂ. ಕರುಣಾನಿಧಿ ಬರೆದ ದೊಡ್ಡ ದೃಶ್ಯಗಳೆಲ್ಲ ಯಾವುದಾದರೊಂದು ಅಧಿಕಾರಪೀಠದ ಮುಂದೆ ನಡೆಯುತ್ತವೆ. ‘ಪರಾಶಕ್ತಿ’ಯ (1952) ಗುಣಶೇಖರನ್ ಕಟಕಟೆಯಲ್ಲಿ ನಿಂತು ನ್ಯಾಯಾಲಯಕ್ಕೇ ಪಾಟೀಸವಾಲು ಹಾಕುತ್ತಾನೆ. ‘ಮನೋಹರ’ದ (1954) ರಾಜಕುಮಾರ ಸರಪಳಿ ಬಿಗಿಸಿಕೊಂಡು ತಂದೆಯ ದರ್ಬಾರಿನಲ್ಲಿ ನಿಲ್ಲುತ್ತಾನೆ. ‘ಪೂಂಪುಹಾರ್‌’ನ (1964) ಕಣ್ಣಗಿ ಕಾಲಂದುಗೆ ಹಿಡಿದು ಪಾಂಡ್ಯ ದೊರೆಯನ್ನು ಕೇಳುತ್ತಾಳೆ. ಮೂವರಿಗೂ ಮಾತೊಂದೇ ಆಯುಧ. ಆಳುವವನ ಎದುರು ಆಳಿಸಿಕೊಳ್ಳುವವನು ಬಾಯಿ ತೆರೆಯುವ ಕ್ಷಣವನ್ನು ಇಷ್ಟು ಶಕ್ತಿಯಿಂದ ಬರೆದ ಚಿತ್ರಸಾಹಿತಿ ದಕ್ಷಿಣ ಭಾರತದಲ್ಲಿ ಮತ್ತೊಬ್ಬನಿಲ್ಲ. ಆದರೆ 1969ರ ಫೆಬ್ರವರಿ 10ರಂದು ಅದೇ ಲೇಖಕ ಆ ಪೀಠದ ಮೇಲೆ ಕುಳಿತರು. ಐದು ಬಾರಿ ಮುಖ್ಯಮಂತ್ರಿಯಾದರು. ಅವರ ಪರಂಪರೆಯನ್ನು ತೂಗುವವರು ಈ ಎರಡನ್ನೂ ಒಟ್ಟಿಗೆ ನೋಡಬೇಕು.

ಹಾಗೆ ನೋಡಲು ಚೆನ್ನೈನ ಸಿನಿಮಾ ಕೇರಿ ಕೋಡಂಬಾಕ್ಕಂಗಿಂತ ತಾಳವಾಡಿಯ ಬೆಟ್ಟ ಒಳ್ಳೆಯ ಜಾಗ ಎಂದು ನಾನು ನಂಬಿದ್ದೇನೆ. ತಾಳವಾಡಿ ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದ್ದು. ಆದರೆ ಸತ್ಯಮಂಗಲದಿಂದ ಅಲ್ಲಿಗೆ ಹೋಗಬೇಕೆಂದರೆ ಬಣ್ಣಾರಿಯಿಂದ ದಿಂಬಂವರೆಗೆ 27 ಹಿಮ್ಮುರಿ ತಿರುವುಗಳ ಘಾಟಿ ಹತ್ತಬೇಕು. ಚಾಮರಾಜನಗರದ ಕಡೆಯಿಂದ ಬರುವವರಿಗೆ ಘಾಟಿಯ ತೊಂದರೆಯೇ ಇಲ್ಲ. ಹೀಗಾಗಿ ದೊಡ್ಡಗಾಜನೂರು, ಗುಮಟಾಪುರ, ಪನಕಹಳ್ಳಿ, ಕೊಂಗಹಳ್ಳಿ ಎಂಬ ಈ ಹೆಸರುಗಳಂತೆಯೇ ಅಲ್ಲಿನ ಮನೆಮಾತೂ ಕನ್ನಡ. ಕೊಳು ಕೊಡುಗೆ, ಸಂತೆ, ಮಾದಪ್ಪನ ಹರಕೆ ಎಲ್ಲ ಮೇಲ್ಸೀಮೆಯ ಜೊತೆಗೇ. 1956ರ ನವೆಂಬರ್ 1ರಂದು ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಮೈಸೂರಿಗೆ ಬಂತು. ಪಕ್ಕದ ತಾಳವಾಡಿ ಮದ್ರಾಸಿನಲ್ಲೇ ಉಳಿಯಿತು. ಮಾತಿನ ಬಲದಿಂದಲೇ ಅಧಿಕಾರಕ್ಕೆ ಬಂದ ಒಂದು ಚಳವಳಿ ಬೇರೆ ಮಾತಿನವರನ್ನು ಹೇಗೆ ನಡೆಸಿಕೊಂಡಿತು ಎಂಬುದಕ್ಕೆ ಈ ಬೆಟ್ಟದ ಹಳ್ಳಿಗಳು ಸಾಕ್ಷಿ.

ಹಳೆಯ ಕೊಯಮತ್ತೂರು ಜಿಲ್ಲೆಗೂ ಈ ದ್ರಾವಿಡ ಪರಂಪರೆಗೂ ಹೊಕ್ಕುಳುಬಳ್ಳಿಯ ನಂಟು. ಈರೋಡು ಆಗ ಅದೇ ಜಿಲ್ಲೆಯ ಊರು. ಅಲ್ಲಿ 1879ರಲ್ಲಿ ಹುಟ್ಟಿದ ಪೆರಿಯಾರ್ ರಾಮಸ್ವಾಮಿಯವರ ಮನೆಮಾತು ಕನ್ನಡ. ತಂಜಾವೂರು ಸೀಮೆಯ ತಿರುಕ್ಕುವಳೈನಲ್ಲಿ 1924ರ ಜೂನ್ 3ರಂದು ನಾದಸ್ವರ ನುಡಿಸುವವರ ಸಮುದಾಯದಲ್ಲಿ ಹುಟ್ಟಿದ ಕರುಣಾನಿಧಿ, ಇಪ್ಪತ್ತರ ಹರೆಯದಲ್ಲಿ ಈರೋಡಿಗೆ ಬಂದು ಪೆರಿಯಾರರ ‘ಕುಡಿ ಅರಸು’ ಪತ್ರಿಕೆಯಲ್ಲಿ ಉಪಸಂಪಾದಕರಾಗಿ ಕೆಲಸ ಮಾಡಿದರು. ಅಲ್ಲಿಂದ ಕೊಯಮತ್ತೂರಿಗೆ ಹೋಗಿ ‘ರಾಜಕುಮಾರಿ’ಗೆ (1947) ಸಂಭಾಷಣೆ ಬರೆದರು. ಬಳಿಕ ಸೇಲಂನ ಮಾಡರ್ನ್ ಥಿಯೇಟರ್ಸ್, ‘ಮಂತ್ರಿಕುಮಾರಿ’ (1950). ಪೆರಿಯಾರರಿಗೆ ಸಿನಿಮಾ ಕಂಡರಾಗುತ್ತಿರಲಿಲ್ಲ. ಸಿನಿಮಾವನ್ನು ಚಳವಳಿಯ ಕೆಲಸಕ್ಕೆ ಹಚ್ಚಿದವರು ಅಣ್ಣಾದೊರೈ. ಅವರ ‘ನಲ್ಲತಂಬಿ’, ‘ವೇಲೈಕ್ಕಾರಿ’ ತೆರೆಕಂಡ 1949ರಲ್ಲೇ ಡಿಎಂಕೆ ಪಕ್ಷವೂ ಹುಟ್ಟಿತು. ಅಣ್ಣಾ ಹಾಕಿದ ದಾರಿಯನ್ನು ಹೆದ್ದಾರಿ ಮಾಡಿದವರು ಕರುಣಾನಿಧಿ.

ಆ ಸಂಭಾಷಣೆಯ ಕಸುಬನ್ನು ಕನ್ನಡಿಗರು ಹತ್ತಿರದಿಂದ ನೋಡಬೇಕು. ಪಾಮರರ ಮಾತನ್ನು ಯಥಾವತ್ತು ತೆರೆಗೆ ತರುವುದು ಅದರ ಉದ್ದೇಶವೇ ಆಗಿರಲಿಲ್ಲ. ಸಂಸ್ಕೃತ ಪದಗಳನ್ನು ಸೋಸಿದ, ಆದಿಪ್ರಾಸ, ಅನುಪ್ರಾಸಗಳಿಂದ ಹೆಣೆದ, ಉಸಿರಿನ ಅಳತೆಗೆ ಕತ್ತರಿಸಿದ ಗದ್ಯ ಅದು. ಒಂದೇ ವಾಕ್ಯದ ಅಚ್ಚನ್ನು ನಾಲ್ಕು ಸಲ ಬಳಸಿ, ಐದನೇ ಸಲ ಅದನ್ನು ತಿರುಗಿಸಿಬಿಡುವುದು ಅದರ ವರಸೆ. ನಮ್ಮಲ್ಲಿ ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲೇ ಪ್ರಾಸವನ್ನು ಬಿಟ್ಟರು. ಹೊಸಗನ್ನಡ ಸಾಹಿತ್ಯ ಅದನ್ನು ಬಿಡುಗಡೆಯೆಂದೇ ಬಗೆಯಿತು. ತಮಿಳಿನ ದ್ರಾವಿಡ ಲೇಖಕರು ಅದೇ ಪ್ರಾಸವನ್ನು ಪಂಡಿತರ ಜಗಲಿಯಿಂದ ಇಳಿಸಿ ಟೆಂಟ್ ಸಿನಿಮಾದ ಮಣ್ಣುನೆಲದ ಮೇಲೆ ಕೂರುವವನಿಗೆ ಕೊಟ್ಟರು. ಓದು ಬರಹ ಬಾರದವನಿಗೆ ಪ್ರಾಸ ನೆನಪಿನ ಗೂಟವಾಯಿತು. ಸಂಭಾಷಣೆಯ ಗ್ರಾಮಫೋನ್ ತಟ್ಟೆಗಳು, ಪುಸ್ತಿಕೆಗಳು ಮಾರಾಟವಾದವು. ಚಹಾ ಅಂಗಡಿಯ ಮುಂದೆ ಹುಡುಗರು ಪುಟಗಟ್ಟಲೆ ಒಪ್ಪಿಸಿದರು. ಶಾಲೆ ಕೊಡದ ಭಾಷಾಭಿಮಾನವನ್ನು ಅವರಿಗೆ ಸಿನಿಮಾ ಕೊಟ್ಟಿತು. ಇದು ಸಣ್ಣ ಸಾಧನೆಯಲ್ಲ.

‘ಪರಾಶಕ್ತಿ’ಯನ್ನೇ ನೋಡಿ. ಕೃಷ್ಣನ್–ಪಂಜು ನಿರ್ದೇಶಿಸಿದ ಆ ಚಿತ್ರದಲ್ಲಿ ಶಿವಾಜಿ ಗಣೇಶನ್ ಮೊದಲ ಬಾರಿ ತೆರೆಗೆ ಬಂದರು. ಯುದ್ಧಕಾಲದಲ್ಲಿ ರಂಗೂನಿನಲ್ಲಿ ನೆಲೆಸಿದ್ದ ಮೂವರು ಅಣ್ಣಂದಿರು ಚದುರಿಹೋಗುತ್ತಾರೆ. ಮಧುರೆಯಲ್ಲಿದ್ದ ತಂಗಿ ಕಲ್ಯಾಣಿ ವಿಧವೆಯಾಗಿ, ಕೂಸನ್ನು ಎತ್ತಿಕೊಂಡು ಬೀದಿಗೆ ಬೀಳುತ್ತಾಳೆ. ದೇವಸ್ಥಾನದ ಪೂಜಾರಿಯೇ ಅವಳ ಮೇಲೆ ಕೈಹಾಕಲು ಬರುತ್ತಾನೆ. ಹಸಿವು ತಾಳಲಾರದೆ ಮಗುವನ್ನು ನೀರಿಗೆಸೆದ ತಪ್ಪಿಗೆ ಅವಳು ನ್ಯಾಯಾಲಯಕ್ಕೆ ಬಂದಾಗ ಪೀಠದಲ್ಲಿ ಕುಳಿತವನು ಅವಳ ಅಣ್ಣ ಚಂದ್ರಶೇಖರನ್. ಎದುರಿಗೆ ನಿಂತಿರುವವಳು ತನ್ನ ತಂಗಿ ಎಂಬ ಗುರುತು ಅವನಿಗೆ ಮೊದಲು ಸಿಗುವುದೇ ಇಲ್ಲ. ಅವಳು ತನ್ನ ಕಥೆ ಹೇಳಿದ ಮೇಲೆ ಗೊತ್ತಾಗುತ್ತದೆ, ಕುಸಿದು ಬೀಳುತ್ತಾನೆ. ಬಳಿಕ ಪೂಜಾರಿಯನ್ನು ಹೊಡೆದ ಆರೋಪ ಹೊತ್ತ ಗುಣಶೇಖರನ್ ಮಾತಿಗೆ ನಿಲ್ಲುತ್ತಾನೆ. ಆರೋಪಗಳನ್ನು ತಾನೇ ಒಂದೊಂದಾಗಿ ಎತ್ತುತ್ತಾನೆ, ಒಪ್ಪಿಕೊಳ್ಳುತ್ತಾನೆ, ಪ್ರತಿಯೊಂದರ ಬೆನ್ನಿಗೂ ಕಾರಣ ಹೇಳುತ್ತಾನೆ. ಮಾತು ಮುಗಿಯುವ ಹೊತ್ತಿಗೆ ಕಟಕಟೆಯಲ್ಲಿರುವುದು ಅವನಲ್ಲ, ಸಮಾಜ. ಚಿತ್ರವನ್ನು ನಿಷೇಧಿಸಬೇಕೆಂಬ ಕೂಗೆದ್ದದ್ದು ಸಹಜವೇ ಆಗಿತ್ತು.

ಸಿನಿಮಾ ಕಲೆಯಾಗಿ ಈ ಪರಂಪರೆಯಲ್ಲಿ ಕೊರತೆಗಳಿವೆ. ಕ್ಯಾಮೆರಾ ಬಾಯಿಯ ಮುಂದೆ ಕೈಕಟ್ಟಿ ನಿಲ್ಲುತ್ತದೆ. ಮೌನಕ್ಕೆ ಜಾಗವಿಲ್ಲ. ಸೇವಕಿಯೂ ರಾಣಿಯೂ ಕಳ್ಳನೂ ಒಂದೇ ಲೇಖನಿಯ ತಮಿಳನ್ನು ಆಡುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು ಈ ಕೊನೆಯ ಕೊರತೆ. ತಮಿಳಿನೊಳಗೇ ಕೊಂಗುನಾಡಿನ ಮಾತು, ತಿರುನೆಲ್ವೇಲಿಯ ಮಾತು, ಮೀನುಗಾರರ ಮಾತು ಎಂದು ಎಷ್ಟೊಂದಿವೆ. ಅವೆಲ್ಲ ಆ ಮೆರುಗಿನ ಗದ್ಯದಲ್ಲಿ ಕರಗಿಹೋದವು. ಜನ ಎಂದರೆ ಒಂದೇ ದನಿಯಲ್ಲಿ ಮಾತಾಡುವ ಜನ. ದ್ರಾವಿಡನಾಡು ಎಂಬ ಕಲ್ಪನೆ ಕನ್ನಡ, ತೆಲುಗು, ಮಲಯಾಳವನ್ನೂ ಒಳಗೊಂಡಿತ್ತು. 1963ರಲ್ಲಿ ಪಕ್ಷ ಅದನ್ನು ಕೈಬಿಟ್ಟಿತು. ಆದರೆ ತೆರೆಯ ಮೇಲಂತೂ ಆ ಜನ ಮೊದಲಿನಿಂದಲೂ ತಮಿಳರಷ್ಟೇ ಆಗಿದ್ದರು.

ನಮ್ಮಲ್ಲಿ ಏನಾಯಿತು? ತಾಳವಾಡಿ ಈ ಪ್ರಶ್ನೆಯನ್ನು ಕೇಳಲೇಬೇಕಾಗುವಂತೆ ಮಾಡುತ್ತದೆ, ಏಕೆಂದರೆ ಕನ್ನಡ ತೆರೆಯ ಅತಿ ದೊಡ್ಡ ದನಿ ಹುಟ್ಟಿದ್ದು ಅಲ್ಲಿ. ಮುಂದೆ ರಾಜ್‌ಕುಮಾರ್ ಆದ ಮುತ್ತುರಾಜ್ 1929ರ ಏಪ್ರಿಲ್ 24ರಂದು ಗಾಜನೂರಿನಲ್ಲಿ ಹುಟ್ಟಿದರು. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಯ ನಟ. ಶಿವಾಜಿಯಂತೆ ರಾಜ್‌ಕುಮಾರ್ ಕೂಡ ಕಂಪನಿ ನಾಟಕದ ಕೂಸು. ‘ಪರಾಶಕ್ತಿ’ ಬಂದ ಎರಡೇ ವರ್ಷಕ್ಕೆ ‘ಬೇಡರ ಕಣ್ಣಪ್ಪ’ (1954). ಆದರೆ ಅವರ ಬಾಯಿಗೆ ಮಾತು ಕೊಟ್ಟ ಜಿ.ವಿ. ಅಯ್ಯರ್, ಹುಣಸೂರು ಕೃಷ್ಣಮೂರ್ತಿ, ಚಿ. ಉದಯಶಂಕರ್ ಇವರ ಹಿಂದೆ ಪಕ್ಷವಿರಲಿಲ್ಲ, ಪ್ರಣಾಳಿಕೆಯಿರಲಿಲ್ಲ. ‘ರಣಧೀರ ಕಂಠೀರವ’ದ (1960), ‘ಬಭ್ರುವಾಹನ’ದ (1977) ಆವೇಶದ ಮಾತುಗಳನ್ನು ನಮ್ಮ ಹಳ್ಳಿಗಳಲ್ಲೂ ಒಪ್ಪಿಸಿದರು. ಆ ಮಾತು ಕಿವಿಗೆ ಹಬ್ಬವಾಯಿತು, ರಾಜಕೀಯವಾಗಲಿಲ್ಲ. ನಮ್ಮ ದೊಡ್ಡ ಸಾಹಿತಿಗಳು ಸಿನಿಮಾದಿಂದ ದೂರ ನಿಂತರು. ರಾಜಕೀಯಕ್ಕೆ ಇಳಿದ ಕೆಲವರೂ ಒಂಟಿಯಾಗಿ ಇಳಿದರು. 1989ರ ಲೋಕಸಭಾ ಚುನಾವಣೆಯಲ್ಲಿ ಶಿವರಾಮ ಕಾರಂತರಂಥವರು ಸೋತರು. ಗೋಕಾಕ್ ಚಳವಳಿಯ ಮುಂಚೂಣಿಗೆ ಬಂದ ರಾಜ್‌ಕುಮಾರ್ ಮಾತ್ರ ಇಡೀ ನಾಡನ್ನು ಬೀದಿಗಿಳಿಸಿದರು. ಮರಳಿ ಮನೆಗೆ ಹೋದರು, ಚುನಾವಣೆಗೆ ನಿಲ್ಲಲಿಲ್ಲ. ಕನ್ನಡಕ್ಕೆ ಕರುಣಾನಿಧಿಯಂಥ ಲೇಖಕ ಸಿಗಲಿಲ್ಲವೆಂದು ಕೊರಗುವವರಿದ್ದಾರೆ. ನಾನು ಆ ಗುಂಪಿನವನಲ್ಲ. ಮಾತನ್ನು ಓಟಾಗಿ ಬದಲಿಸಿಕೊಳ್ಳದೆ ಬಿಟ್ಟದ್ದರಿಂದ ಕನ್ನಡ ಚಳವಳಿ ಸಂಘಟನೆಯಲ್ಲಿ ಸೊರಗಿತು, ನಿಜ. ಆದರೆ ರಾಜ್ ಯಾವ ಪಕ್ಷದವರಿಗೂ ಪರಕೀಯರಾಗಲಿಲ್ಲ.

2000ದ ಜುಲೈ 30ರ ರಾತ್ರಿ ಗಾಜನೂರಿನ ಮನೆಯಿಂದ ಕಾಡುಗಳ್ಳ ವೀರಪ್ಪನ್ ರಾಜ್‌ಕುಮಾರ್ ಅವರನ್ನು ಕರೆದೊಯ್ದಾಗ ಈ ಎರಡು ಪರಂಪರೆಗಳು ಮುಖಾಮುಖಿಯಾದವು. ಚೆನ್ನೈನ ಕುರ್ಚಿಯಲ್ಲಿ ಆಗ ಕರುಣಾನಿಧಿ. ಅಪಹರಣಕಾರ ಹುಟ್ಟಿದ ಗೋಪಿನಾಥಂ ಕರ್ನಾಟಕಕ್ಕೆ ಸೇರಿದ ತಮಿಳು ಊರು. ಅಪಹೃತನ ಊರು ತಮಿಳುನಾಡಿಗೆ ಸೇರಿದ ಕನ್ನಡದ ಊರು. ಇಬ್ಬರೂ ಹುಟ್ಟಿದ್ದು ಹಳೆಯ ಕೊಯಮತ್ತೂರು ಜಿಲ್ಲೆಯಲ್ಲೇ. ಕಾವೇರಿ ನೀರು, 1991ರ ಕಾವೇರಿ ಗಲಭೆಯಲ್ಲಿ ನೊಂದ ತಮಿಳರಿಗೆ ಪರಿಹಾರ, ಬೆಂಗಳೂರಿನಲ್ಲಿ ಮುಸುಕು ಹೊದ್ದು ನಿಂತಿದ್ದ ತಿರುವಳ್ಳುವರ್ ಪ್ರತಿಮೆಯ ಅನಾವರಣ: ಇವು ಕಾಡಿನಿಂದ ಬಂದ ಬೇಡಿಕೆಗಳಲ್ಲಿದ್ದವು. ದಂತಚೋರನೊಬ್ಬ ತಮಿಳು ಜನರ ವಕೀಲನಾಗಿ ಮಾತಾಡತೊಡಗಿದ್ದ. ಕರುಣಾನಿಧಿಯವರೇ ಸಂಭಾಷಣೆ ಬರೆದ ‘ಮಲೈಕಳ್ಳನ್‌’ನಲ್ಲಿ (1954) ಬೆಟ್ಟದ ಕಳ್ಳ ಬಡವರ ನ್ಯಾಯವಾದಿ, ಕನ್ನಡದಲ್ಲೂ ಅದು ‘ಬೆಟ್ಟದ ಕಳ್ಳ’ (1957) ಎಂದು ಬಂದಿತ್ತು. ವೀರಪ್ಪನ್ನನ ಕೃತ್ಯಕ್ಕೆ ಚಿತ್ರವೊಂದನ್ನು ಹೊಣೆ ಮಾಡುವುದು ಅನ್ಯಾಯ. ಆದರೆ ಜನರ ಹೆಸರಿನಲ್ಲಿ ಯಾರು ಮಾತಾಡಿದರೂ ಕಿವಿಗೊಡುವ ಅಭ್ಯಾಸವನ್ನು ಈ ಪರಂಪರೆ ಬೆಳೆಸಿತ್ತು, ಮತ್ತು ಆ ಅಭ್ಯಾಸವನ್ನು ಕಾಡಿನವನೂ ಬಲ್ಲವನಾಗಿದ್ದ. ರಾಜ್ 108 ದಿನಗಳ ಬಳಿಕ, ನವೆಂಬರ್ 15ರಂದು ಬಿಡುಗಡೆಯಾದರು. ಆ ದಿನಗಳಲ್ಲಿ ಕರುಣಾನಿಧಿ ದುಡುಕಲಿಲ್ಲ, ಕಾಡಿಗೆ ಪಡೆ ನುಗ್ಗಿಸಲಿಲ್ಲ, ಕರ್ನಾಟಕದ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಅವರೊಂದಿಗೆ ಸೇರಿ ಸಂಧಾನಕ್ಕೆ ಪತ್ರಕರ್ತ ನಕ್ಕೀರನ್ ಗೋಪಾಲ್ ಅವರನ್ನು ಕಳಿಸಿದರು. ಕುರ್ಚಿ ಅಂದು ತಾಳ್ಮೆ ತೋರಿತು, ಎರಡೂ ರಾಜ್ಯಗಳಲ್ಲಿ ನೆತ್ತರು ಹರಿಯುವುದು ತಪ್ಪಿತು. ಕನ್ನಡಿಗರು ಇದನ್ನು ಕೃತಜ್ಞತೆಯಿಂದ ನೆನೆಯಬೇಕು.

ಆರು ವರ್ಷಗಳ ನಂತರ ಬಂದ ಕಾಯ್ದೆಯ ಬಗ್ಗೆ ಆ ಮಾತನ್ನು ಹೇಳಲಾರೆ. 2006ರಲ್ಲಿ ಮತ್ತೆ ಅಧಿಕಾರಕ್ಕೆ ಬಂದ ಕರುಣಾನಿಧಿ ಸರ್ಕಾರ ತಮಿಳು ಕಲಿಕೆ ಕಾಯ್ದೆಯನ್ನು ತಂದು, ಒಂದನೇ ತರಗತಿಯಿಂದ ಹಂತಹಂತವಾಗಿ ತಮಿಳನ್ನು ಕಡ್ಡಾಯ ಮಾಡಿತು. ಹತ್ತನೇ ತರಗತಿಯ ಪರೀಕ್ಷೆಗೆ ಅದು ಮುಟ್ಟಿದ್ದು 2015–16ರಲ್ಲಿ. ತಾಳವಾಡಿಯ, ಹೊಸೂರಿನ, ಕೃಷ್ಣಗಿರಿಯ ಕನ್ನಡ, ತೆಲುಗು, ಉರ್ದು ಮಕ್ಕಳು ಮೊದಲ ಭಾಷೆಯಾಗಿ ತಮ್ಮ ಭಾಷೆಯನ್ನು ಬರೆಯುವ ಹಕ್ಕಿಗಾಗಿ ಕೋರ್ಟಿನ ಬಾಗಿಲು ಬಡಿಯಬೇಕಾಯಿತು. ಮದ್ರಾಸ್ ಹೈಕೋರ್ಟ್, ಮುಂದೆ ಸುಪ್ರೀಂ ಕೋರ್ಟ್ ಅವಧಿ ಗೊತ್ತುಮಾಡಿ ವಿನಾಯಿತಿ ಕೊಡುತ್ತ ಬಂದವು. 1938ರಲ್ಲಿ ಶಾಲೆಗಳಲ್ಲಿ ಹಿಂದಿ ಕಡ್ಡಾಯವಾದಾಗ ತಿರುವಾರೂರಿನ ಬೀದಿಯಲ್ಲಿ ಘೋಷಣೆ ಕೂಗಿದ ಹದಿನಾಲ್ಕರ ಹುಡುಗನೇ ಮುಂದೆ ಕರುಣಾನಿಧಿಯಾದದ್ದು. ಅದೇ ಪ್ರಾಯದ ತಾಳವಾಡಿಯ ಹುಡುಗಿಯ ಮೇಲೆ ಅದೇ ಕಡ್ಡಾಯ ಬಂದು ಕುಳಿತಾಗ ಅವಳ ಪರವಾಗಿ ಸಂಭಾಷಣೆ ಬರೆಯುವವರು ಯಾರೂ ಇರಲಿಲ್ಲ. ನೆಲದ ಭಾಷೆ ಕಲಿಯುವುದು ಬೇಡವೆಂದು ತಾಳವಾಡಿಯವರು ಹೇಳಿದ್ದಿಲ್ಲ. ಸತ್ಯಮಂಗಲದ ಕಚೇರಿಗೆ ಇಳಿಯುವ ಪ್ರತಿಯೊಬ್ಬರಿಗೂ ತಮಿಳು ಬೇಕು, ಬರುತ್ತದೆ. ಮನೆಮಾತಿನ ಜಾಗದಲ್ಲಿ ಅದನ್ನು ತಂದು ಕೂರಿಸಬೇಡಿ ಎಂಬುದಷ್ಟೇ ಅವರ ಮಾತು. 2015ರಲ್ಲಿ ಕರ್ನಾಟಕವೂ ಇಂಥದೇ ಕನ್ನಡ ಕಲಿಕೆ ಕಾಯ್ದೆ ತಂದಿತು. ಇಲ್ಲಿ ಓದುವ ತಮಿಳು ಮಗುವಿನ ವಿಷಯದಲ್ಲಿ ನಾವು ಕಿವುಡರಾದರೆ ಈ ಟೀಕೆ ಮಾಡುವ ಹಕ್ಕೂ ನಮಗಿರುವುದಿಲ್ಲ.

ಕರುಣಾನಿಧಿಯವರ ಕೊನೆಯ ವರ್ಷಗಳಲ್ಲಿ ಬೇರೆಯೇ ಸೂಚನೆಗಳಿದ್ದವು. 2009ರ ಆಗಸ್ಟ್ 9ರಂದು ಅವರು ಹಲಸೂರಿನಲ್ಲಿ ತಿರುವಳ್ಳುವರ್ ಪ್ರತಿಮೆಯನ್ನು ಅನಾವರಣ ಮಾಡಿದರು. ಹದಿನೆಂಟು ವರ್ಷ ಕಾದಿದ್ದ ಪ್ರತಿಮೆ ಅದು. ನಾಲ್ಕು ದಿನಗಳ ಬಳಿಕ ಚೆನ್ನೈನ ಅಯನಾವರಂನಲ್ಲಿ ಸರ್ವಜ್ಞನ ಪ್ರತಿಮೆಯನ್ನು ಕರ್ನಾಟಕದ ಆಗಿನ ಮುಖ್ಯಮಂತ್ರಿ ಯಡಿಯೂರಪ್ಪ ಅನಾವರಣ ಮಾಡಿದರು. ತೊಂಬತ್ತು ದಾಟಿದ ಮೇಲೆ, 2015ರಲ್ಲಿ, ಜೀವನವಿಡೀ ನಾಸ್ತಿಕರಾಗಿದ್ದ ಅವರು ಕಿರುತೆರೆಗೆ ರಾಮಾನುಜರ ಕಥೆ ಬರೆದರು. ಮೇಲುಕೋಟೆಯಲ್ಲಿ ಬಾಳಿದ ಆಚಾರ್ಯನ ಕಥೆ. ಕೊಂಗುನಾಡಿನ ಜಾನಪದ ಕಾವ್ಯದ ಅಣ್ಣತಮ್ಮಂದಿರನ್ನು ‘ಪೊನ್ನರ್ ಶಂಕರ್‌’ನಲ್ಲಿ (2011) ಅವರು ತೆರೆಗೆ ತಂದರು. ಅದೇ ಸೀಮೆಯ ಬೆಟ್ಟದ ಮೇಲೆ ಕಂಸಾಳೆಯವರು ಕನ್ನಡದಲ್ಲಿ ಹಾಡುವ ಮಾದಪ್ಪನ ಕಾವ್ಯ ಮಾತ್ರ ಆ ಲೇಖನಿಯ ಕಣ್ಣಿಗೆ ಬೀಳಲಿಲ್ಲ. ಈರೋಡಿನಲ್ಲಿ ಕೆಲಸ ಕಲಿತವರಿಗೆ, ಕನ್ನಡ ಮನೆಮಾತಿನ ಗುರುವಿದ್ದವರಿಗೆ ಅದು ದೂರದ್ದೇನೂ ಆಗಿರಲಿಲ್ಲ.

2018ರ ಆಗಸ್ಟ್ 7ರಂದು ತೀರಿಕೊಳ್ಳುವ ಹೊತ್ತಿಗೆ ಅವರು ಸುಮಾರು 75 ಚಿತ್ರಗಳಿಗೆ ಬರೆದಿದ್ದರು, 13 ಬಾರಿ ಶಾಸಕರಾಗಿದ್ದರು, ನಿಂತ ಚುನಾವಣೆಯಲ್ಲಿ ಒಮ್ಮೆಯೂ ಸೋತಿರಲಿಲ್ಲ. ದ್ರಾವಿಡ ಸಂಭಾಷಣೆ ಪರಂಪರೆ ದಕ್ಷಿಣ ಭಾರತದ ಇಪ್ಪತ್ತನೇ ಶತಮಾನದ ದೊಡ್ಡ ಸಾಹಿತ್ಯಕ ಸಾಹಸಗಳಲ್ಲಿ ಒಂದು. ದನಿಯಿಲ್ಲದವರಿಗೆ ಅದು ದನಿ ಕೊಟ್ಟಿತು, ಆದರೆ ತನ್ನ ಮಾತಿನ ಆಚೆಗಿರುವ ದನಿಯನ್ನು ಕೇಳಿಸಿಕೊಳ್ಳಲು ಕಲಿಯಲಿಲ್ಲ. ಚೆನ್ನೈನಲ್ಲಿ ಯಾವ ಪಕ್ಷದ ಸರ್ಕಾರವಿದ್ದರೂ, ತಾಳವಾಡಿಯ ಮಕ್ಕಳನ್ನು ಕೋರ್ಟಿನ ತಾತ್ಕಾಲಿಕ ವಿನಾಯಿತಿಯ ಮೇಲೆ ನಿಲ್ಲಿಸದೆ 2006ರ ಕಾಯ್ದೆಗೇ ತಿದ್ದುಪಡಿ ತರಲಿ. ಕನ್ನಡ ಮಾಧ್ಯಮದ ಶಾಲೆಗಳಿಗೆ ಕನ್ನಡ ಬಲ್ಲ ಶಿಕ್ಷಕರನ್ನೂ ಹೊತ್ತಿಗೆ ಸರಿಯಾಗಿ ಪಠ್ಯಪುಸ್ತಕಗಳನ್ನೂ ಕೊಡಲಿ. ಬೆಂಗಳೂರಿನ ಸರ್ಕಾರವೂ ಗಾಜನೂರನ್ನು ರಾಜ್‌ಕುಮಾರ್ ಹುಟ್ಟಿದ ಊರೆಂದು ಹೊಗಳಿ ಸುಮ್ಮನಾಗದೆ, ಈ ಬೇಡಿಕೆಯನ್ನು ಚೆನ್ನೈನ ಮುಂದೆ ಇಡಲಿ.